ಕಾರಿಲ್ಲದೆ ಟಸ್ಕನಿಯ ಬೆಟ್ಟದೂರುಗಳು: ನೀಲಿ ಬಸ್ಸು, ಪ್ರಾದೇಶಿಕ ರೈಲು ಮತ್ತು ವೈನ್ ನೆಲಮಾಳಿಗೆಗಳು

ಫ್ಲಾರೆನ್ಸ್ ಅಥವಾ ಸಿಯೆನಾದಲ್ಲಿ ತಂಗಿ, ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ಇಟಲಿಯ ಟಸ್ಕನಿ ಪ್ರದೇಶದ ಬೆಟ್ಟದೂರುಗಳನ್ನೂ ಅಲ್ಲಿನ ವೈನ್ ನೆಲಮಾಳಿಗೆಗಳನ್ನೂ ನೋಡಿ ಬರಬೇಕಾದರೆ ಬಾಡಿಗೆ ಕಾರು ಇಲ್ಲದೆ ಆಗದು ಎಂಬ ಮಾತು ಪ್ರವಾಸಿಗಳ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಅಲ್ಲಿನ ಸಾರ್ವಜನಿಕ ಬಸ್ಸುಗಳನ್ನೂ ಪ್ರಾದೇಶಿಕ ರೈಲುಗಳನ್ನೂ ನೆಚ್ಚಿಕೊಂಡು ತಿರುಗಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಎಂದು ನನಗೆ ಅನ್ನಿಸಿದೆ. ನೆಲಮಾಳಿಗೆಗಳು ಊರಿನ ಕೋಟೆಗೋಡೆಯ ಒಳಗೇ ಇರುವ ಕಡೆ ಈ ಸೇವೆ ಕಾರಿಗಿಂತ ಮೇಲು. ವೈನರಿಗಳು ದ್ರಾಕ್ಷಿ ತೋಟಗಳ ನಡುವೆ, ಮಣ್ಣುರಸ್ತೆಯ ತುದಿಯಲ್ಲಿ ಇರುವ ಕಡೆ ಅದು ಕೈಕೊಡುತ್ತದೆ. ಯಾವ ಊರು ಎಷ್ಟು ಚೆಂದ ಎಂಬುದನ್ನು ಆಮೇಲೆ ನೋಡಿಕೊಂಡು, ಮೊದಲು ಈ ವ್ಯತ್ಯಾಸವನ್ನು ಗಮನಿಸಿದವರ ದಿನ ಹಾಳಾಗುವುದಿಲ್ಲ.

ಕಾರು ಬೇಡವೆನ್ನಲು ಕಾರಣಗಳಿಗೇನೂ ಕೊರತೆಯಿಲ್ಲ. ಭಾರತದ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡು ಹೋಗಬೇಕು. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನವರ ವಾಹನಗಳಿಗೆ ಪ್ರವೇಶವಿಲ್ಲ. ಆ ಭಾಗದ ಗಡಿ ದಾಟಿದರೆ ಕ್ಯಾಮೆರಾ ವಾಹನದ ಸಂಖ್ಯಾಫಲಕದ ಚಿತ್ರ ತೆಗೆದುಕೊಳ್ಳುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ವೈನಿನ ವಿಷಯ. ಇಟಲಿಯಲ್ಲಿ ಚಾಲಕರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲಿಗಿಂತ ಹೆಚ್ಚು ಇರುವಂತಿಲ್ಲ. ಎರಡು ವೈನರಿಗಳಲ್ಲಿ ನಾಲ್ಕು ನಾಲ್ಕು ಬಗೆಯ ವೈನ್ ರುಚಿ ನೋಡಿದವರು ಆ ಮಿತಿಯೊಳಗೇ ಉಳಿಯುತ್ತಾರೆಂಬ ಭರವಸೆಯಿಲ್ಲ. ಗುಂಪಿನಲ್ಲಿ ಒಬ್ಬರು ಇಡೀ ದಿನ ಬರಿಯ ನೀರು ಕುಡಿದುಕೊಂಡು ಸ್ಟಿಯರಿಂಗ್ ಹಿಡಿಯಬೇಕಾಗುತ್ತದೆ. ಅಂಥ ತ್ಯಾಗಿಯನ್ನು ಹುಡುಕುವುದಕ್ಕಿಂತ ಬಸ್ಸಿನ ಟಿಕೆಟು ಕೊಳ್ಳುವುದು ಸುಲಭ.

2021ರ ನವೆಂಬರ್ 1ರಿಂದ ಇಡೀ ಟಸ್ಕನಿಯ ಸಾರ್ವಜನಿಕ ಬಸ್ಸುಗಳನ್ನು ಔಟೊಲಿನೇ ಟೊಸ್ಕಾನೆ ಎಂಬ ಒಂದೇ ಸಂಸ್ಥೆ ನಡೆಸುತ್ತಿದೆ. ಅದಕ್ಕೂ ಮೊದಲು ಜಿಲ್ಲೆಗೊಂದು ಕಂಪನಿ, ಕಂಪನಿಗೊಂದು ವೇಳಾಪಟ್ಟಿ ಇದ್ದದ್ದರಿಂದ ಹಳೆಯ ಪ್ರವಾಸ ಪುಸ್ತಕಗಳಲ್ಲಿರುವ ಕಂಪನಿ ಹೆಸರುಗಳನ್ನು ಈಗ ಹುಡುಕಿ ಪ್ರಯೋಜನವಿಲ್ಲ. ಫ್ಲಾರೆನ್ಸಿನಲ್ಲಿ ಊರಾಚೆ ಹೋಗುವ ಬಸ್ಸುಗಳ ನಿಲ್ದಾಣ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದಲ್ಲೇ ಇರುವುದು ದೊಡ್ಡ ಅನುಕೂಲ. ರೈಲು ತಪ್ಪಿದರೆ ಬಸ್ಸು, ಬಸ್ಸು ತಪ್ಪಿದರೆ ರೈಲು ಎಂದು ಐದು ನಿಮಿಷದಲ್ಲಿ ಮನಸ್ಸು ಬದಲಿಸಬಹುದು.

ಸಿಯೆನಾಕ್ಕೆ ಹೋಗುವವರು ರೈಲಿಗಿಂತ ಬಸ್ಸನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. 131ನೆಯ ಸಂಖ್ಯೆಯ ವೇಗದ ಬಸ್ಸು ಹೆದ್ದಾರಿ ಹಿಡಿದು ಸುಮಾರು ಒಂದೂಕಾಲು ಗಂಟೆಯಲ್ಲಿ ಗ್ರಾಮ್ಶಿ ಚೌಕದ ಬಳಿ ಇಳಿಸುತ್ತದೆ. ಅಲ್ಲಿಂದ ಊರಿನ ಮುಖ್ಯ ಚೌಕವಾದ ಕಾಂಪೋಗೆ ಹತ್ತು ನಿಮಿಷದ ನಡಿಗೆ. ರೈಲು ಎಂಪೋಲಿಯ ಮೂಲಕ ಸುತ್ತಿ ಬರುವುದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ನಡುವೆ ಬದಲಾಯಿಸಬೇಕಾಗುತ್ತದೆ, ಸಾಲದ್ದಕ್ಕೆ ಬೆಟ್ಟದ ಬುಡದಲ್ಲಿ ಬಿಡುತ್ತದೆ. ನಿಲ್ದಾಣದ ಎದುರಿನ ಮಳಿಗೆ ಸಂಕೀರ್ಣದೊಳಗಿಂದ ಒಂದರ ಮೇಲೊಂದರಂತೆ ಎಸ್ಕಲೇಟರುಗಳು ಊರಿನ ಉತ್ತರದ ಬಾಗಿಲಿನ ಕಡೆಗೆ ಹತ್ತಿಸುತ್ತವೆ ಎನ್ನುವುದು ನಿಜವಾದರೂ, ಅದು ಮೊದಲ ಸಲ ಬಂದವರಿಗೆ ಕಣ್ಣಿಗೆ ಬೀಳುವಂತಿಲ್ಲ. ಒಂದು ಎಚ್ಚರ: ಇದೇ 131ರಲ್ಲಿ ಪೊಜ್ಜಿಬೊನ್ಸಿ, ಕೊಲ್ಲೆ ದಿ ವಾಲ್ ದೆಲ್ಸಾ ಮುಂತಾದ ಊರುಗಳನ್ನು ಹಾದು ಹೋಗುವ ಸಾಧಾರಣ ಬಸ್ಸೂ ಇದೆ. ಬಸ್ಸಿನ ಮುಂಭಾಗದ ಫಲಕದಲ್ಲಿ ಸಂಖ್ಯೆಯ ಜೊತೆಗಿರುವ ಅಕ್ಷರವನ್ನೂ ಓದಿ ಹತ್ತಬೇಕು.

ಸಾನ್ ಜಿಮಿನ್ಯಾನೋಗೆ ರೈಲಿಲ್ಲ. ಫ್ಲಾರೆನ್ಸಿನಿಂದ ಪೊಜ್ಜಿಬೊನ್ಸಿಯವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದು, ಅಲ್ಲಿ 130ನೆಯ ಬಸ್ಸು ಹತ್ತಿದರೆ ಸುಮಾರು ಇಪ್ಪತ್ತೈದು ನಿಮಿಷದಲ್ಲಿ ಊರಿನ ದಕ್ಷಿಣದ ಬಾಗಿಲಿನ ಮುಂದೆ ಇಳಿಯಬಹುದು. ಸಿಯೆನಾದಿಂದಾದರೆ ಅದೇ 130ರಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನ ಪ್ರಯಾಣ. ಎಪ್ಪತ್ತೆರಡು ಗೋಪುರಗಳಿದ್ದ ಊರಿನಲ್ಲಿ ಈಗ ಹದಿನಾಲ್ಕು ಉಳಿದಿವೆ, 1990ರಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ, ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಅದರ ಮುಖ್ಯ ಬೀದಿಯಲ್ಲಿ ಜಾತ್ರೆಯಂತೆ ಜನ ಸೇರಿರುತ್ತಾರೆ. ಪ್ರವಾಸಿ ಕೋಚುಗಳು ತಮ್ಮ ಗುಂಪುಗಳನ್ನು ತಂದಿಳಿಸುವ ಮೊದಲು ಮುಂಜಾನೆಯ ಬಸ್ಸಿನಲ್ಲಿ ತಲುಪಿದವರಿಗೆ ಮಾತ್ರ ಬೇರೊಂದು ಊರೇ ಕಾಣುತ್ತದೆ. ಇಲ್ಲಿನ ವೆರ್ನಾಚಾ ಎಂಬ ಬಿಳಿ ವೈನಿಗೆ 1966ರಲ್ಲಿ ಇಟಲಿಯ ಮೊದಲ ನಿಯಂತ್ರಿತ ಮೂಲನಾಮದ, ಅಂದರೆ ಗೊತ್ತಾದ ಪ್ರದೇಶದಲ್ಲಿ ನಿಯಮದಂತೆ ಮಾಡಿದ ವೈನಿಗೆ ಮಾತ್ರ ಆ ಹೆಸರು ಎಂಬ, ಮನ್ನಣೆ ಸಿಕ್ಕಿತು. ಅದನ್ನು ಸವಿಯಲು ತೋಟಕ್ಕೆ ಹೋಗಬೇಕಿಲ್ಲ. ಊರಿನ ತುತ್ತತುದಿಯ ಹಳೆಯ ಕೋಟೆಯ ಬಳಿ ಆ ವೈನಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವಿದ್ದು, ಅಲ್ಲಿ ಹಲವು ಉತ್ಪಾದಕರ ವೆರ್ನಾಚಾಗಳನ್ನು ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಬಹುದು. ಒಂದೇ ವೈನರಿಗೆ ಹೋಗಿ ಅವರ ಮೂರು ಬಾಟಲಿಗಳನ್ನು ನೋಡುವುದಕ್ಕಿಂತ ಇದರಿಂದ ತಿಳಿಯುವುದು ಹೆಚ್ಚು.

ಇಷ್ಟಾದರೂ, ನೆಲಮಾಳಿಗೆಗಳ ಮಟ್ಟಿಗೆ ನನ್ನ ಮೊದಲ ಆಯ್ಕೆ ಮೊಂತೆಪುಲ್ಚಾನೋ. ಸುಮಾರು ಆರುನೂರು ಮೀಟರ್ ಎತ್ತರದ ಏಣಿನ ಮೇಲೆ ಉದ್ದಕ್ಕೆ ಹಬ್ಬಿರುವ ಈ ಊರಿನಲ್ಲಿ ಅರಮನೆಗಳ ಕೆಳಗೇ ವೈನ್ ಕೋಣೆಗಳಿವೆ. ಬೀದಿಯಲ್ಲಿ ನಡೆಯುತ್ತಿದ್ದವರು ಒಂದು ಬಾಗಿಲು ತಳ್ಳಿ ಒಳಗೆ ಹೋದರೆ ಮೆಟ್ಟಿಲು ಕೆಳಗಿಳಿಯುತ್ತಲೇ ಹೋಗುತ್ತದೆ, ಕಮಾನುಗಳ ಕೆಳಗೆ ಆಳೆತ್ತರದ ಓಕ್ ಪೀಪಾಯಿಗಳು ಸಾಲಾಗಿ ನಿಂತಿರುತ್ತವೆ, ತಂಪು ಬೇಸಗೆಯಲ್ಲೂ ಕದಲುವುದಿಲ್ಲ. ದೊಡ್ಡ ಚೌಕದಲ್ಲಿರುವ ಕೊಂತುಚ್ಚಿ ಮನೆತನದ ನೆಲಮಾಳಿಗೆಯೂ ಅಲ್ಲಿಂದ ಸ್ವಲ್ಪ ಕೆಳಗಿರುವ ದೆ ರಿಚ್ಚಿ ನೆಲಮಾಳಿಗೆಯೂ ಕಾಲ್ನಡಿಗೆಯವರಿಗೆ ಹೇಳಿ ಮಾಡಿಸಿದಂತಿವೆ. ಇಲ್ಲಿನ ವೀನೋ ನೋಬಿಲೆಗೆ 1980ರಲ್ಲಿ ಅತ್ಯುನ್ನತ ದರ್ಜೆಯ ಮೂಲನಾಮ ದೊರೆಯಿತು; ಅದರ ಮುಖ್ಯ ದ್ರಾಕ್ಷಿ ಸಾಂಜೊವೇಸೆ ತಳಿಯದ್ದು. ಮುಖ್ಯ ಬೀದಿ ಕೆಳಗಿನ ಬಾಗಿಲಿನಿಂದ ಮೇಲಿನ ಚೌಕದವರೆಗೆ ಕಡಿದಾಗಿ ಏರುತ್ತದೆ. ಮೊಣಕಾಲು ನೋವಿನವರು ಊರೊಳಗೆ ಓಡಾಡುವ ಸಣ್ಣ ಬಸ್ಸಿನಲ್ಲಿ ಮೊದಲು ಮೇಲಕ್ಕೆ ಹೋಗಿ, ನೆಲಮಾಳಿಗೆಗಳನ್ನು ನೋಡುತ್ತ ಇಳಿದು ಬರುವುದು ಜಾಣತನ. ರುಚಿ ನೋಡಿದ ಮೇಲೆ ಇಳಿಜಾರಿನಲ್ಲಿ ನಡೆಯುವುದು ಉಳಿದವರಿಗೂ ಸುಖವೇ.

ತಲುಪುವ ದಾರಿಯಲ್ಲಿ ಒಂದು ಬಲೆ ಇದೆ. ರೈಲಿನ ಆ್ಯಪಿನಲ್ಲಿ ಮೊಂತೆಪುಲ್ಚಾನೋ ಎಂದು ಹುಡುಕಿದರೆ ಅದೇ ಹೆಸರಿನ ನಿಲ್ದಾಣ ಬರುತ್ತದೆ. ಅದು ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಬಯಲಿನಲ್ಲಿದೆ. ಫ್ಲಾರೆನ್ಸ್ ಮತ್ತು ರೋಮ್ ನಡುವಿನ ಹಳೆಯ ಮಾರ್ಗದಲ್ಲಿರುವ ಕಿಯೂಸಿಯಲ್ಲಿ ಇಳಿದು, ನಿಲ್ದಾಣದ ಹೊರಗೆ ಬಸ್ಸು ಹಿಡಿಯುವುದೇ ಸರಿಯಾದ ಕ್ರಮ. ಬಸ್ಸಿಗೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಸಿಯೆನಾದಲ್ಲಿ ತಂಗಿದವರಿಗೆ 112ನೆಯ ಬಸ್ಸು ಬೂನ್‌ಕೊನ್ವೆಂತೋ, ಸಾನ್ ಕ್ವಿರಿಕೋ, ಪಿಯೆಂಜಾಗಳನ್ನು ಹಾದು ಸುಮಾರು ಒಂದೂವರೆ ಗಂಟೆಯಲ್ಲಿ ಕರೆದೊಯ್ಯುತ್ತದೆ. ಓರ್ಚಾ ಕಣಿವೆಯ ಸೈಪ್ರಸ್ ಸಾಲುಗಳ ನಡುವಿನ ಈ ದಾರಿ, ನನ್ನ ಲೆಕ್ಕದಲ್ಲಿ, ಟಿಕೆಟಿನ ಹಣಕ್ಕೆ ಸಿಗುವ ಅತ್ಯುತ್ತಮ ದೃಶ್ಯ. ಚಾಲಕನಿಗೆ ರಸ್ತೆಯಿಂದ ಕಣ್ಣು ತೆಗೆಯಲಾಗುವುದಿಲ್ಲ. ಕಿಟಕಿಯ ಪಕ್ಕ ಕುಳಿತವರಿಗೆ ಆ ಚಿಂತೆಯಿಲ್ಲ. ತಿರುವುಗಳು ಹೆಚ್ಚಿರುವುದರಿಂದ ವಾಂತಿಯಾಗುವ ಸ್ವಭಾವದವರು ಮುಂದಿನ ಸೀಟು ಹಿಡಿಯಬೇಕು. ಈ ಮಾರ್ಗದಲ್ಲಿ ಬಸ್ಸುಗಳು ವಿರಳ. ಆದ್ದರಿಂದ ಪಿಯೆಂಜಾ ಮತ್ತು ಮೊಂತೆಪುಲ್ಚಾನೋ ಎರಡನ್ನೂ ಒಂದೇ ದಿನಕ್ಕೆ ತುಂಬಿಸುವ ಆಸೆಯನ್ನು, ಬೆಳಗಿನ ಮೊದಲ ಬಸ್ಸಿಗೇ ಹೊರಡುವ ಮನಸ್ಸಿಲ್ಲದವರು, ಬಿಟ್ಟುಬಿಡುವುದು ಒಳ್ಳೆಯದು.

ಹೆಸರಿನ ಈ ಬಲೆ ಮೊಂತೆಪುಲ್ಚಾನೋ ಒಂದಕ್ಕೇ ಸೀಮಿತವಲ್ಲ. ಪೊಜ್ಜಿಬೊನ್ಸಿಯ ನಿಲ್ದಾಣದ ಹೆಸರಿನಲ್ಲಿ ಸಾನ್ ಜಿಮಿನ್ಯಾನೋ ಸೇರಿಕೊಂಡಿದೆ, ಊರು ಮಾತ್ರ ಹತ್ತು ಕಿಲೋಮೀಟರಿಗೂ ಆಚೆ. ಕಸ್ತೆಲ್ಲೀನಾ ಇನ್ ಕಿಯಾಂತಿಯ ಹೆಸರು ಹೊತ್ತ ನಿಲ್ದಾಣ ಮೊಂತೆರಿಜ್ಜೋನಿಯ ತಗ್ಗಿನಲ್ಲಿದೆ. ಅಲ್ಲಿ ಇಳಿದವರು ಬೆಟ್ಟದ ಮೇಲಿನ ಕಸ್ತೆಲ್ಲೀನಾವನ್ನು ಕಾಣುವುದಿಲ್ಲ. ಈ ಊರುಗಳು ಶತ್ರುಗಳಿಗೆ ನಿಲುಕದಿರಲೆಂದೇ ಗುಡ್ಡದ ನೆತ್ತಿಯ ಮೇಲೆ ಕಟ್ಟಿದವು, ಹಳಿಗಳು ಕಣಿವೆಯ ಸಮತಟ್ಟನ್ನು ಬಯಸುವಂಥವು. ಇವೆರಡರ ನಡುವಿನ ಆ ಕೊನೆಯ ಕೆಲವು ಕಿಲೋಮೀಟರುಗಳೇ ಕಾರಿಲ್ಲದವರ ದಿನವನ್ನು ನಿರ್ಧರಿಸುತ್ತವೆ. ಅದಕ್ಕೇ ಒಂದು ಊರನ್ನು ಆಯ್ಕೆ ಮಾಡುವಾಗ ನಗರದಿಂದ ಎಷ್ಟು ಗಂಟೆ ಎಂದು ಕೇಳುವುದಕ್ಕಿಂತ, ಬೆಟ್ಟದ ಬುಡದಿಂದ ನೆತ್ತಿಗೆ ಹತ್ತಿಸುವವರು ಯಾರು, ಅವರು ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂದು ಕೇಳಬೇಕು.

ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಡುವ ಊರು ಟಸ್ಕನಿಯ ಗಡಿಯಾಚೆ, ಉಂಬ್ರಿಯಾದಲ್ಲಿದೆ. ಓರ್ವಿಯೆತೋ ಫ್ಲಾರೆನ್ಸ್–ರೋಮ್ ರೈಲುಮಾರ್ಗದ ಮೇಲೇ ಇದೆ. ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ, ಹಗ್ಗದಿಂದ ಎಳೆಯಲ್ಪಟ್ಟು ಹಳಿಯ ಮೇಲೆ ಏರುವ ಫ್ಯೂನಿಕ್ಯುಲರ್ ಬಂಡಿ ಕಾದಿರುತ್ತದೆ. 1888ರಲ್ಲಿ ನೀರಿನ ತೂಕದ ಬಲದಿಂದ ಓಡಲು ಆರಂಭಿಸಿ, ಮುಂದೆ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಚಾಲೂ ಆದ ಈ ಬಂಡಿ ಕೆಲವೇ ನಿಮಿಷಗಳಲ್ಲಿ ಬಂಡೆಯ ಮೇಲಿನ ಊರಿಗೆ ಮುಟ್ಟಿಸುತ್ತದೆ. ರೋಮಿನಿಂದ ರೈಲಿಗೆ ಸುಮಾರು ಒಂದೂಕಾಲು ಗಂಟೆ, ಫ್ಲಾರೆನ್ಸಿನಿಂದ ಸುಮಾರು ಎರಡು. ಊರು ನಿಂತಿರುವ ಜ್ವಾಲಾಮುಖಿಯ ಮೃದು ಕಲ್ಲನ್ನು ಕೊರೆದು ಮಾಡಿದ ಗುಹೆಗಳು ನೂರಾರು. ಅವುಗಳಲ್ಲಿ ಎಷ್ಟೋ ವೈನ್ ಇಡುವ ಕೋಣೆಗಳಾಗಿದ್ದವು. ಫ್ಯೂನಿಕ್ಯುಲರ್ ಇಳಿದ ಕಡೆಯಲ್ಲೇ ಸಂತ ಪ್ಯಾಟ್ರಿಕ್‌ನ ಬಾವಿ ಇದೆ: ಐವತ್ತು ಮೀಟರಿಗೂ ಮಿಕ್ಕ ಆಳ, ಇಳಿಯುವವರೂ ಏರುವವರೂ ಎದುರಾಗದಂತೆ ಒಂದರೊಳಗೊಂದು ಸುತ್ತಿಕೊಂಡ ಎರಡು ಮೆಟ್ಟಿಲ ಸಾಲು, ಸಾಲಿಗೆ 248 ಮೆಟ್ಟಿಲು. ವೈನಿಗೆ ಮೊದಲು ನೋಡಿಕೊಂಡರೆ ವಾಸಿ. ರೈಲುಗಳು ಸಂಜೆಯಾದ ಮೇಲೂ ಇರುವುದರಿಂದ ಇಲ್ಲಿ ಕೊನೆಯ ಬಸ್ಸಿನ ಆತಂಕವಿಲ್ಲ, ಭಾನುವಾರವೂ ನಿಶ್ಚಿಂತೆಯಿಂದ ಹೋಗಬಹುದು. ವೈನ್ ಮಾತ್ರ, ಅದೂ ಬಿಳಿಯದ್ದು, ನನ್ನ ನಾಲಿಗೆಗೆ ಮೊಂತೆಪುಲ್ಚಾನೋದ ಕೆಂಪಿನಷ್ಟು ಗಟ್ಟಿಯೆನಿಸಲಿಲ್ಲ.

ಇದೇ ಗುಣದ ಇನ್ನೊಂದು ಚಿಕ್ಕ ಊರು ಚೆರ್ತಾಲ್ದೋ. ಎಂಪೋಲಿ–ಸಿಯೆನಾ ರೈಲುಮಾರ್ಗದ ಈ ನಿಲ್ದಾಣದಿಂದ ಸ್ವಲ್ಪ ನಡೆದರೆ ಅಲ್ಲೂ ಒಂದು ಫ್ಯೂನಿಕ್ಯುಲರ್, ಅದರ ಮೇಲ್ತುದಿಯಲ್ಲಿ ಇಟ್ಟಿಗೆ ಬಣ್ಣದ ಹಳೆಯ ಊರು. ಅರ್ಧ ದಿನಕ್ಕೆ ಸಾಕು, ಹೆಚ್ಚು ಹೊತ್ತು ಹಿಡಿದಿಡುವಂಥದ್ದಲ್ಲ. ರೋಮಿನಲ್ಲಿ ತಂಗಿದವರಿಗೆ ಫ್ರಸ್ಕಾತಿ ಹತ್ತಿರ: ಟೆರ್ಮಿನಿ ನಿಲ್ದಾಣದಿಂದ ಅರ್ಧ ಗಂಟೆಯ ರೈಲು, ಮೆಟ್ಟಿಲು ಹತ್ತಿದರೆ ಊರಿನ ಚೌಕ.

ಮೊಂತಾಲ್ಚೀನೋ ಬಗ್ಗೆ ನನ್ನ ಅಭಿಪ್ರಾಯ ಎರಡು ಬಗೆಯದು. ಸಿಯೆನಾದಿಂದ 114ನೆಯ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಊರು ಸಿಗುತ್ತದೆ, ಹದಿನಾಲ್ಕನೆಯ ಶತಮಾನದ ಕೋಟೆಯ ಒಳಗಿನ ವೈನ್ ಅಂಗಡಿಯಲ್ಲಿ ಹಲವು ಉತ್ಪಾದಕರ ಬ್ರುನೆಲ್ಲೋ ಎಂಬ ಇಲ್ಲಿನ ಕೆಂಪು ವೈನನ್ನು ಲೋಟದ ಲೆಕ್ಕದಲ್ಲಿ ಕೊಡುತ್ತಾರೆ, ಕೋಟೆಯ ಗೋಡೆಯ ಮೇಲಿಂದ ತೋಟಗಳ ನೋಟವೂ ಸಿಗುತ್ತದೆ. ನೂರಕ್ಕೆ ನೂರು ಸಾಂಜೊವೇಸೆಯಿಂದಲೇ ಮಾಡಬೇಕಾದ ಈ ವೈನನ್ನು, ಕೊಯ್ಲಿನ ವರ್ಷದ ನಂತರದ ಐದನೆಯ ವರ್ಷದ ಜನವರಿ 1ಕ್ಕೆ ಮುಂಚೆ ಮಾರುವಂತಿಲ್ಲ. ಹಾಗಾಗಿ ಬೆಲೆ ಏರಿರುತ್ತದೆ. ಆದರೆ ಹೆಸರಾಂತ ವೈನರಿಗಳೆಲ್ಲ ಊರಿನ ಹೊರಗೆ ಹರಡಿಕೊಂಡಿವೆ, ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಬ್ರುನೆಲ್ಲೋ ಹೇಗಿರುತ್ತದೆ ಎಂದು ತಿಳಿಯಬೇಕೆನ್ನುವವರು ಖಂಡಿತ ಹೋಗಲಿ. ಅದು ತಯಾರಾಗುವ ಜಾಗವನ್ನು ನೋಡಬೇಕೆನ್ನುವವರಿಗೆ ಬಸ್ಸಿನ ದಿನ ನಿರಾಸೆ ತರುತ್ತದೆ.

ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ವೈನ್ ಸೀಮೆಯಾದ ಕಿಯಾಂತಿಯ ಕಥೆಯೂ ಹೆಚ್ಚುಕಡಿಮೆ ಇದೇ. ಫ್ಲಾರೆನ್ಸಿನಿಂದ 365ನೆಯ ಬಸ್ಸು ಸುಮಾರು ಒಂದು ಗಂಟೆಯಲ್ಲಿ ಗ್ರೇವೆಗೆ ಬರುತ್ತದೆ. ತ್ರಿಕೋನಾಕಾರದ ಚೌಕ, ಅದರ ಸುತ್ತಲಿನ ಮೊಗಸಾಲೆಯ ಅಂಗಡಿಗಳು, ಶನಿವಾರದ ಸಂತೆ ಎಲ್ಲವೂ ಚೆನ್ನ. ಆದರೆ ಗ್ರೇವೆ ಕಣಿವೆಯ ಊರು. ಬೆಟ್ಟದೂರು ಬೇಕಾದವರು ಅಲ್ಲಿಂದ ಏರುದಾರಿಯಲ್ಲಿ ಅರ್ಧ ಗಂಟೆ ನಡೆದು ಮೊಂತೆಫಿಯೊರಾಲ್ಲೆಗೆ ಹೋಗಬಹುದು. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೊಸಿಮೋ ಆಜ್ಞೆ ಹೊರಡಿಸಿ ಗಡಿ ಗುರುತಿಸಿದ ವೈನ್ ಪ್ರದೇಶ ಈ ಕಿಯಾಂತಿ. ಈಗ ಕಪ್ಪು ಹುಂಜದ ಮುದ್ರೆಯಿರುವ ಇಲ್ಲಿನ ಕಿಯಾಂತಿ ಕ್ಲಾಸಿಕೋ ವೈನಿನಲ್ಲಿ ಕನಿಷ್ಠ ನೂರಕ್ಕೆ ಎಂಬತ್ತು ಭಾಗ ಸಾಂಜೊವೇಸೆ ಇರಬೇಕು. ವೈನ್ ಮಾತ್ರ ಚೌಕದ ಅಂಗಡಿಗಳಲ್ಲಿ ಸವಿಯಬೇಕೇ ಹೊರತು ತೋಟದಲ್ಲಲ್ಲ. ನಕ್ಷೆಯಲ್ಲಿ ಎರಡೇ ಕಿಲೋಮೀಟರ್ ಎಂದು ಕಾಣುವ ವೈನರಿಗೆ ಕಾಲುದಾರಿಯಿಲ್ಲದ, ತಿರುವುಗಳಿಂದ ಕೂಡಿದ ಡಾಂಬರು ರಸ್ತೆಯ ಅಂಚಿನಲ್ಲಿ ನಡೆಯುವುದು ಅಪಾಯ. ಇಂಥ ಊರುಗಳಲ್ಲಿ ಟ್ಯಾಕ್ಸಿ ನಿಲ್ದಾಣದಲ್ಲಿ ನಿಂತು ಕಾಯುವುದಿಲ್ಲ, ಹಿಂದಿನ ದಿನವೇ ಕರೆ ಮಾಡಿ ಗೊತ್ತು ಮಾಡಿಕೊಂಡಿರಬೇಕು.

ವೇಳಾಪಟ್ಟಿಯನ್ನು ಓದುವುದೇ ಒಂದು ಕಸುಬು. ಫೆರಿಯಾಲೆ ಎಂದು ಬರೆದಿದ್ದರೆ ಸೋಮವಾರದಿಂದ ಶನಿವಾರದವರೆಗೆ, ಫೆಸ್ತೀವೋ ಎಂದಿದ್ದರೆ ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ, ಸ್ಕೊಲಾಸ್ತಿಕೋ ಎಂದಿದ್ದರೆ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ. ಈ ಮೂರನೆಯದೇ ಹೊರಗಿನವರನ್ನು ಹೆಚ್ಚು ಕಾಡುವುದು. ಈ ಬಸ್ಸುಗಳು ಮೂಲತಃ ಶಾಲೆ ಮಕ್ಕಳಿಗೂ ಕೆಲಸಕ್ಕೆ ಹೋಗುವವರಿಗೂ ಇರುವಂಥವು. ಆದ್ದರಿಂದ ಪ್ರವಾಸಿಗಳು ಮುಗಿಬೀಳುವ ಬೇಸಗೆಯಲ್ಲಿ, ಅಂದರೆ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಶಾಲೆಗೆ ರಜೆಯಿರುವಾಗ, ಕೆಲವು ಬಸ್ಸುಗಳು ಇರುವುದೇ ಇಲ್ಲ. ಭಾನುವಾರಗಳಲ್ಲಿ ಬೆಟ್ಟದೂರುಗಳ ಸೇವೆ ತೀರ ತೆಳುವಾಗುತ್ತದೆ, ಕೆಲವು ಮಾರ್ಗಗಳಲ್ಲಿ ನಿಂತೇ ಹೋಗುತ್ತದೆ. ನನ್ನ ಲೆಕ್ಕಾಚಾರ ಇಷ್ಟೇ: ಭಾನುವಾರಕ್ಕೆ ರೈಲಿನ ಊರು, ವಾರದ ನಡುವೆ ಬಸ್ಸಿನ ಊರು. ಬಸ್ಸಿನ ದಿನದ ಯೋಜನೆಯನ್ನು ಮರಳುವ ಕೊನೆಯ ಬಸ್ಸಿನಿಂದ ಹಿಂದಕ್ಕೆ ಕಟ್ಟುತ್ತ ಬರಬೇಕು, ಅದಕ್ಕಿಂತ ಒಂದು ಮೊದಲಿನ ಬಸ್ಸನ್ನು ಗುರಿಯಾಗಿಟ್ಟುಕೊಳ್ಳಬೇಕು. ಕೊನೆಯದು ಕೈತಪ್ಪಿದರೆ ಉಳಿಯುವ ದಾರಿ ದುಬಾರಿ ಟ್ಯಾಕ್ಸಿ ಒಂದೇ.

ಮುಷ್ಕರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಟಲಿಯಲ್ಲಿ ಅವು ಮುಂಚಿತವಾಗಿ ಪ್ರಕಟವಾಗುತ್ತವೆ, ಹೆಚ್ಚಿನ ಸಲ ಶುಕ್ರವಾರಕ್ಕೋ ಸೋಮವಾರಕ್ಕೋ ಬೀಳುತ್ತವೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಅಗತ್ಯ ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಆ ಎರಡು ಕಿಂಡಿಗಳ ಮೂಲಕ ಒಂದು ದಿನದ ಪ್ರವಾಸವನ್ನು ಹೇಗೋ ತೂರಿಸಬಹುದು.

ಟಿಕೆಟಿನ ವಿಷಯದಲ್ಲಿ ಈ ಸೇವೆಗೆ ಒಳ್ಳೆಯ ಅಂಕ ಕೊಡುತ್ತೇನೆ. ಫ್ಲಾರೆನ್ಸ್–ಸಿಯೆನಾ ಬಸ್ಸಿಗೆ ಒಂದು ಕಡೆಗೆ ಹತ್ತು ಯೂರೋ ಕೂಡ ಆಗುವುದಿಲ್ಲ. ಪ್ರಾದೇಶಿಕ ರೈಲುಗಳ ದರ ನಿಗದಿತ, ತಿಂಗಳ ಮೊದಲು ಕೊಂಡರೂ ಹೊರಡುವ ಮುನ್ನ ಕೊಂಡರೂ ಒಂದೇ. ಹಾಗಾಗಿ ಮಳೆ ಬಂದರೆ ಊರು ಬದಲಿಸುವ ಸ್ವಾತಂತ್ರ್ಯ ಉಳಿಯುತ್ತದೆ. ಕಾಗದದ ಟಿಕೆಟನ್ನು ರೈಲು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಒತ್ತಿಸಿಕೊಳ್ಳಬೇಕು, ಮೊಬೈಲಿನಲ್ಲಿ ಕೊಂಡದ್ದಕ್ಕೆ ಅಲ್ಲೇ ಚೆಕ್‌ಇನ್ ಮಾಡಬೇಕು; ತಪ್ಪಿದರೆ ಹಣ ಕೊಟ್ಟು ಕೊಂಡ ಟಿಕೆಟಿದ್ದೂ ದಂಡ ಬೀಳುತ್ತದೆ. ಬಸ್ಸಿನ ಟಿಕೆಟುಗಳು ಟಿ ಅಕ್ಷರದ ಫಲಕವಿರುವ ತಂಬಾಕಿನ ಅಂಗಡಿಗಳಲ್ಲಿ ಸಿಗುತ್ತವೆ. ಚಿಕ್ಕ ಊರುಗಳಲ್ಲಿ ಅವು ಮಧ್ಯಾಹ್ನ ಬಾಗಿಲು ಹಾಕುವುದರಿಂದ, ಮರಳುವ ಟಿಕೆಟನ್ನೂ ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಬೇಕು. ಹಳ್ಳಿಯ ನಿಲ್ದಾಣದಲ್ಲಿ ಕೈ ಚಾಚದಿದ್ದರೆ ಬಸ್ಸು ನಿಲ್ಲದೆ ಹೋಗಬಹುದು. ಬಸ್ಸಿನೊಳಗೆ ಶೌಚಾಲಯವಿಲ್ಲ, ವೈನ್ ಕುಡಿದು ಒಂದೂವರೆ ಗಂಟೆಯ ಪ್ರಯಾಣಕ್ಕೆ ಹೊರಡುವವರು ಇದನ್ನು ಮರೆಯಬಾರದು. ಸೇವೆಯ ನಿಜವಾದ ಕೊರತೆ ಮಾಹಿತಿಯದು. ಸಿಯೆನಾದಲ್ಲಿ ಕೆಲವು ಬಸ್ಸುಗಳು ಗ್ರಾಮ್ಶಿ ಚೌಕದಿಂದ, ಕೆಲವು ರೈಲು ನಿಲ್ದಾಣದ ಮುಂದಿನಿಂದ ಹೊರಡುತ್ತವೆ. ಹೊಸಬರು ತಪ್ಪು ಜಾಗದಲ್ಲಿ ನಿಲ್ಲುವುದು ಸುಲಭ.

ತೋಟದ ನಡುವಿನ ವೈನರಿಯನ್ನೇ ನೋಡಬೇಕೆಂದು ಹಟವಿದ್ದರೆ, ಒಂದು ದಿನದ ಮಟ್ಟಿಗೆ ಫ್ಲಾರೆನ್ಸಿನಿಂದ ಹೊರಡುವ ಮಿನಿಬಸ್ಸಿನ ಗುಂಪು ಪ್ರವಾಸಕ್ಕೆ ಹಣ ತೆರುವುದರಲ್ಲಿ ತಪ್ಪಿಲ್ಲ. ಮುಂಗಡ ಕೊಡುವ ಮೊದಲು ಗುಂಪಿನಲ್ಲಿ ಎಷ್ಟು ಜನ, ನೆಲಮಾಳಿಗೆಯನ್ನು ನಿಜವಾಗಿ ತೋರಿಸುತ್ತಾರೆಯೇ ಅಥವಾ ಮಾರಾಟದ ಕೋಣೆಯಲ್ಲೇ ಕೂರಿಸುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಒಂದೇ ದಿನದಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೋ, ಪೀಸಾ ಮತ್ತು ಒಂದು ವೈನರಿ ಎಂದು ಘೋಷಿಸುವ ಪ್ರವಾಸಗಳಲ್ಲಿ ಹೆಚ್ಚಿನ ಹೊತ್ತು ಸೀಟಿನಲ್ಲೇ ಕಳೆಯುತ್ತದೆ; ಎರಡು ವೈನರಿ, ಒಂದು ಊರು ಎಂಬಂಥವೇ ಮೇಲು. ಬಸ್ಸು, ಟ್ಯಾಕ್ಸಿಗಳಲ್ಲಿ ತಾವಾಗಿ ಹೋಗುವವರು ವೈನರಿಗೆ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಕೊಯ್ಲಿನ ಗಡಿಬಿಡಿ ಇರುವುದರಿಂದ ಸಣ್ಣ ಮನೆತನಗಳು ಅತಿಥಿಗಳನ್ನು ಒಪ್ಪದೆಯೂ ಇರಬಹುದು. ಬಾಟಲಿ ಕೊಳ್ಳುವವರು ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್ ಎಂಬುದನ್ನು ನೆನಪಿಟ್ಟುಕೊಳ್ಳಬೇಕು: ಮುಕ್ಕಾಲು ಲೀಟರಿನ ಎರಡು ಬಾಟಲಿ, ಮೂರನೆಯದಕ್ಕೆ ಜಾಗವಿಲ್ಲ.